ಉಪ್ಪು ಬಿಡದ ಎಣ್ಣೆ

ಈ ಬೇಸಿಗೆಯಲ್ಲಿ ನಮ್ಮ ಓಣಿಗೆ ಡಾಂಬರು ಹಾಕಿದರು. ಶಿಕಾರಿಪುರದ ಈ ಮೂಲೆಗೆ ಡಾಂಬರು ಬರುತ್ತದೆ, ಇನ್ನೇನು ಬಂತು ಎಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಿದ್ದರು. ಕೊನೆಗೂ ಬಂತು, ನಾನು ಓಣಿಯಲ್ಲಿ ನಡೆಯುವುದನ್ನು ಬಿಟ್ಟ ಮೇಲೆ. ಮನೆಯ ಎದುರಿಗೇ ಡ್ರಮ್ಮು ಇಟ್ಟು ಕೆಳಗೆ ಬೆಂಕಿ ಮಾಡಿದ್ದರು. ಯಾರೋ ಕೈ ತೊಳೆದ ನೀರು ಅದಕ್ಕೆ ಸಿಡಿದು ಚುರ್ರೆಂದಿತು, ಒಂದಿಷ್ಟು ಹಬೆ ಎದ್ದು ಜಗಲಿಯ ಕಡೆಗೆ ಬಂತು. ಸೊಸೆ ಒಳಗಿನಿಂದಲೇ, “ಹೊಗಿ ಕುಡೀಬ್ಯಾಡ್ರೀ ಅತ್ತೆ, ಒಳಗ ಬರ್ರಿ” ಎಂದು ಕೂಗಿದಳು. ನಾನು ಏಳಲಿಲ್ಲ. ಬಿಸಿ ಎಣ್ಣೆಗೆ ನೀರು ಸೇರಿದಾಗ ಏಳುವ ಆ ವಾಸನೆಯನ್ನು ನಾನು ಒಂದು ಇಡೀ ಸುಗ್ಗಿ ಉಂಡಿದ್ದೇನೆ, ಉಟ್ಟಿದ್ದೇನೆ, ಅದರಲ್ಲೇ ಮಲಗಿ ಎದ್ದಿದ್ದೇನೆ. ಇಷ್ಟು ವರ್ಷ ಬಿಟ್ಟು ಅದು ಹೇಳದೆ ಕೇಳದೆ ಬಂದು ಎದುರಿಗೆ ಕೂತರೆ, ನಾನು ಎದ್ದು ಒಳಗೆ ಹೋಗುವುದಾದರೂ ಹೇಗೆ?

ಹೊಸ ಪೈಸೆ ಬಂದ ಮರುವರ್ಷ ಅದು. ಆಣೆಯ ಲೆಕ್ಕ ಬಿಡಲಾಗದೆ, ಪೈಸೆಯ ಲೆಕ್ಕ ಹಿಡಿಯಲಾಗದೆ ಊರಿನವರೆಲ್ಲ ಅಂಗಡಿಗಳಲ್ಲಿ ಜಗಳವಾಡುತ್ತಿದ್ದ ಕಾಲ. ನಾನು ಸೊರಬದ ಕಡೆಯವಳು. ಅಲ್ಲಿಯ ಮಿಡ್ಲ್ ಸ್ಕೂಲಿನ ಓದು ಮುಗಿಸಿ, ಮದುವೆಯಾಗಿ ಶಿಕಾರಿಪುರಕ್ಕೆ ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಮ್ಮ ಮನೆಯವರು ಗುತ್ಯಪ್ಪ. ಹೆಸರನ್ನು ಬರೆಯಬಲ್ಲೆ, ಬಾಯಿಬಿಟ್ಟು ಹೇಳಲು ಈಗಲೂ ಆಗುವುದಿಲ್ಲ, ಆದ್ದರಿಂದ ಮುಂದೆ ‘ಇವರು’ ಎಂದೇ ಬರೆಯುತ್ತೇನೆ. ಇವರು ಅಕ್ಕಿ ಮಿಲ್ಲಿನ ಇಂಜಿನ್ ಡ್ರೈವರ್. ಹುಡುಗ ಇಂಜಿನ್ ಡ್ರೈವರ್ ಎಂದು ಕೇಳಿದಾಗ ನಮ್ಮ ಮನೆಯವರೆಲ್ಲ ರೈಲು ನೆನೆದು ಹಿಗ್ಗಿದ್ದರು. ಬಂದು ನೋಡಿದರೆ ಇದು ಎಲ್ಲಿಗೂ ಹೋಗದ ಇಂಜಿನ್ನು.

ಎಲ್ಲಿಗೂ ಹೋಗದಿದ್ದರೂ ಅದರ ಜಂಬ ಕಡಿಮೆಯಿರಲಿಲ್ಲ. ಆಳೆತ್ತರದ ಎರಡು ಗಾಲಿ, ನಡುವೆ ಕರಿ ಕಬ್ಬಿಣದ ಮೈ, ತುದಿಗೆ ಕುಂಬಳಕಾಯಿ ಗಾತ್ರದ ಒಂದು ತಲೆ. ಬೆಳಿಗ್ಗೆ ಇವರು ಸೀಮೆಎಣ್ಣೆಯ ಊದುದೀಪ ಹಿಡಿದು ಆ ತಲೆಯನ್ನು ಕೆಂಪಗೆ ಕಾಯಿಸಬೇಕು. ಕಾದ ಮೇಲೆ ಗಾಲಿಯನ್ನು ಹಿಂದಕ್ಕೂ ಮುಂದಕ್ಕೂ ತೂಗಿ ಒಮ್ಮೆ ಜಗ್ಗಿದರೆ ಅದು ಒಂದು ಸಲ ಸೀನಿ, ಎರಡು ಸಲ ಕೆಮ್ಮಿ, ಆಮೇಲೆ ಟುಕ್ಕು ಟುಕ್ಕು ಎಂದು ಹೊರಡುತ್ತಿತ್ತು. ಆ ಸದ್ದು ಕೇಳಿ ಊರ ಹೆಂಗಸರು ಒಲೆಗೆ ಎಸರಿಡುತ್ತಿದ್ದರು. ಅದು ಕುಡಿಯುವ ಎಣ್ಣೆಗೆ ಎಲ್ಲರೂ ಕ್ರೂಡಾಯಿಲ್ಲು ಎನ್ನುತ್ತಿದ್ದರು. ನೆಲದಿಂದ ತೆಗೆದ ನಿಜವಾದ ಕಚ್ಚಾ ಎಣ್ಣೆ ಅದಲ್ಲ, ಅದರಿಂದ ಬಂದ ಒರಟು ಎಣ್ಣೆ ಎಂದು ಈಗಿನ ಓದಿದವರು ನನ್ನನ್ನು ತಿದ್ದುತ್ತಾರೆ. ಇರಲಿ, ಕಪ್ಪಗಿತ್ತು, ಮಂದವಾಗಿತ್ತು, ಕೈಗೆ ಹತ್ತಿದರೆ ಮೂರು ದಿನ ಬಿಡುತ್ತಿರಲಿಲ್ಲ. ನಮಗೆ ಅದೇ ಕ್ರೂಡಾಯಿಲ್ಲು.

ಆ ಇಂಜಿನ್ನು ಇವರ ಕಿವಿ ತಿಂದಿತ್ತು. ಚಿಕ್ಕ ವಯಸ್ಸಿನಿಂದ ಅದರ ಪಕ್ಕದಲ್ಲೇ ನಿಂತೂ ನಿಂತೂ ನಾನು ಬರುವ ಹೊತ್ತಿಗೆ ಪಕ್ಕದಲ್ಲಿ ಡೋಲು ಬಾರಿಸಿದರೂ ಇವರು ತಿರುಗುತ್ತಿರಲಿಲ್ಲ. ಮದುವೆಯ ಮೊದಲು ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಹುಡುಗ ಮಾತು ಕಡಿಮೆ, ಗಂಭೀರ ಎಂದಿದ್ದರು. ಮೊದಲ ತಿಂಗಳು ಅತ್ತುಕೊಂಡೇ ಕಳೆದೆ, ಆಮೇಲೆ ಸಿಟ್ಟು ಬಂತು, ಆಮೇಲೆ ನಾನೇ ಇವರ ಕಿವಿಯಾದೆ. ನಮ್ಮಿಬ್ಬರಿಗೂ ಒಂದು ಕೈಭಾಷೆ ಬೆಳೆಯಿತು. ಆದರೆ ಇಂಜಿನ್ನಿನ ವಿಷಯದಲ್ಲಿ ಇವರಿಗೆ ನನ್ನ ಅಗತ್ಯವಿರಲಿಲ್ಲ. ಬರಿಗಾಲಲ್ಲಿ ನೆಲದ ಮೇಲೆ ನಿಂತರೆ ಸಾಕು, ಅದರ ಹೊಟ್ಟೆಯಲ್ಲಿ ಏನಾಗುತ್ತಿದೆ ಎಂದು ಅಂಗಾಲಿಗೆ ತಿಳಿಯುತ್ತಿತ್ತು. ನಮ್ಮ ಮನೆ ಇಂಜಿನ್ ಕೋಣೆಯ ಗೋಡೆಗೇ ಆನಿಸಿ ಇಳಿಸಿದ ಎರಡು ಅಂಕಣ. ಉಣ್ಣುವಾಗ ಚಾಪೆಯ ಮೇಲೆ ಕೂತವರು ಇದ್ದಕ್ಕಿದ್ದಂತೆ ಎದ್ದು, “ನೀರು ಕಮ್ಮಿ ಆಗೇತಿ” ಎಂದು ಎಂಜಲು ಕೈಯಲ್ಲೇ ಓಡುತ್ತಿದ್ದರು. ಹೋಗಿ ನೋಡಿದರೆ ಇಂಜಿನ್ನು ತಣಿಸುವ ತೊಟ್ಟಿಯಲ್ಲಿ ನಿಜವಾಗಿಯೂ ನೀರು ಇಳಿದಿರುತ್ತಿತ್ತು.

ಮಿಲ್ಲು ಸಾಹುಕಾರರದ್ದು. ಅವರು ಸೊರಬದವರು, ಅಲ್ಲೂ ಅವರಿಗೆ ಒಂದು ಮಿಲ್ಲು, ಇಂಥದ್ದೇ ಒಂದು ಇಂಜಿನ್ನು ಇತ್ತು. ಆ ವರ್ಷ ಸೊರಬದ ಮಿಲ್ಲಿಗೆ ಕರೆಂಟಿನ ಮೋಟಾರು ಕೂರಿಸಿದ್ದರು. ಶಿಕಾರಿಪುರದಲ್ಲಿ ಬೀದಿ ದೀಪಕ್ಕೆ ಕರೆಂಟು ಬಂದಿತ್ತು, ಮಿಲ್ಲಿಗೆ ಸಾಲುವಷ್ಟು ಬಂದಿರಲಿಲ್ಲ, ಬರುತ್ತದೆ ಎನ್ನುತ್ತಿದ್ದರು. ದಸರಾ ಹೊತ್ತಿಗೆ ಸಾಹುಕಾರರು ಬಂದು ಇಂಜಿನ್ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಇವರಿಗೆ ಏನಾದರೂ ಹೇಳುವುದಿದ್ದರೆ ಎಲ್ಲರೂ ನನಗೇ ಹೇಳುವುದು.

“ನೋಡು ತಂಗೀ, ನಿನ್ನ ಗಂಡನಿಗೆ ತಿಳಿಸಿ ಹೇಳು. ಈ ಸುಗ್ಗಿ ಇಂಜಿನ್ನು ಕೈಕೊಡದೆ ಓಡಿದ್ರೆ ಇನ್ನೊಂದೆರಡು ವರ್ಷ ಇದನ್ನೇ ಇಟ್ಕೊಳ್ತೆ. ನಡುವೆ ನಿಂತು ಹೋತು ಅಂದ್ರೆ ಮಾತ್ರ ನಾನು ಎಷ್ಟು ಅಂತ ಕಾಯೋದು ಮಾರಾಯ್ತಿ? ಮೋಟಾರಿಗೆ ಅರ್ಜಿ ಹಾಕಿಬಿಡ್ತೆ.”

ಅವರು ಕೆಟ್ಟವರೇನಲ್ಲ. ಇದ್ದದ್ದನ್ನು ಹೇಳಿದರು. ನಾನು ಅದನ್ನು ಒಂದಕ್ಷರ ಬಿಡದೆ ಕೈಯಲ್ಲೂ ತುಟಿಯಲ್ಲೂ ಇವರಿಗೆ ದಾಟಿಸಿದೆ. ಇವರು ನಕ್ಕು ಇಂಜಿನ್ನಿನ ಮೈ ಒರೆಸಿದರು. ನನಗೆ ನಗು ಬರಲಿಲ್ಲ. ಇಂಜಿನ್ನು ಹೋದರೆ ಕಿವಿ ಕೇಳದವರಿಗೆ ಈ ಊರಲ್ಲಿ ಯಾರು ಕೆಲಸ ಕೊಡುತ್ತಾರೆ? ಬಸ್ಸಿನ ಕಂಡಕ್ಟರ್ ಆಗುವಂತಿಲ್ಲ, ತಾಲ್ಲೂಕು ಕಚೇರಿಯ ಜವಾನ ಆಗುವಂತಿಲ್ಲ, ಅಂಗಡಿಯಲ್ಲಿ ತಕ್ಕಡಿ ಹಿಡಿಯುವಂತಿಲ್ಲ. ಕೆಲಸ ಹೇಗೋ ಹುಟ್ಟೀತು ಎಂದೇ ಇಟ್ಟುಕೊಳ್ಳಿ. ಇವರಿಗೆ ಈ ಲೋಕದಲ್ಲಿ ಕೇಳುತ್ತಿದ್ದದ್ದು ಅದೊಂದೇ. ಅದೂ ಹೋದರೆ ಏನು ಉಳಿಯುತ್ತದೆ ಎಂದು ನನಗೆ ಅವತ್ತೇ ಹೆದರಿಕೆಯಾಗಿತ್ತು.

ದೀಪಾವಳಿ ಕಳೆದು ಎಣ್ಣೆಯ ಲಾರಿ ಬಂತು. ಪ್ರತಿ ಸುಗ್ಗಿಗೂ ಎಣ್ಣೆ ಘಟ್ಟದ ಕೆಳಗಿನಿಂದ ಡ್ರಮ್ಮುಗಳಲ್ಲಿ ಬರುತ್ತಿತ್ತು. ಆ ಮಳೆಗಾಲದಲ್ಲಿ ಕರಾವಳಿಯ ಗೋದಾಮಿಗೆ ಸಮುದ್ರದ ನೀರು ನುಗ್ಗಿ, ಡ್ರಮ್ಮುಗಳು ವಾರಗಟ್ಟಲೆ ಉಪ್ಪುನೀರಲ್ಲಿ ಬಿದ್ದಿದ್ದವು ಎಂಬ ಸಂಗತಿ ನಮಗೆ ಲಾರಿಯವನು ಕಾಫಿ ಕುಡಿಯುತ್ತಾ ಹೇಳಿದ ಮೇಲೆ ಗೊತ್ತಾಯಿತು. ಸಾಹುಕಾರರಿಗೆ ಅಗ್ಗಕ್ಕೆ ಸಿಕ್ಕಿತ್ತು, ಇಡೀ ಸುಗ್ಗಿಗೆ ಆಗುವಷ್ಟು ತರಿಸಿದ್ದರು. ಇವರು ಮೊದಲ ಡ್ರಮ್ಮಿನ ಬಿರಟೆ ತೆಗೆದು, ಉದ್ದ ಬಿದಿರು ಕೊಳವೆ ಇಳಿಸಿ ತಳದಿಂದ ಒಂದಿಷ್ಟು ಎತ್ತಿದರು. ಮೇಲೆ ಎಣ್ಣೆ, ಕೆಳಗೆ ಕಂದು ನೀರು, ಅದರ ಕೆಳಗೆ ಮರಳು. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಕಿವಿಚಿದರು.

“ಉಪ್ಪು. ಅಪ್ಪಟ ಉಪ್ಪು. ಇದನ್ನ ಕುಡಿಸಿದ್ರ ಇದು ಸತ್ತ್ ಹೊಕ್ಕೈತಿ.”

ಇವರಿಗೆ ತಮ್ಮ ದನಿ ಕೇಳದಿದ್ದುದರಿಂದ ಮಾತೆಲ್ಲ ಕೂಗೇ. ಅಂಗಳದಲ್ಲಿದ್ದವರಿಗೆಲ್ಲ ಕೇಳಿತು. ಎಣ್ಣೆ ವಾಪಸು ಕಳಿಸಿ ಎಂದು ಮರುದಿನ ಬಂದ ಸಾಹುಕಾರರಿಗೆ ನಾನೇ ಹೇಳಿದೆ. ಲಾರಿ ಆಗಲೇ ಘಟ್ಟ ಇಳಿದಿತ್ತು, ಬೇರೆ ಎಣ್ಣೆ ಸಿಗಲು ಯುಗಾದಿಯಾದರೂ ಆಗುತ್ತದೆ ಎಂದರು. “ನೀರು ಬಸಿದು ಹಾಕ್ಲಿ. ಮೇಲಿನ ಎಣ್ಣೆ ಚಲೋ ಅದೆಯಲ್ಲ” ಎಂದರು. ನೀರು ಬಸಿದರೂ ಉಪ್ಪಿನ ಪಸೆ ಎಣ್ಣೆಯಲ್ಲಿ ಉಳಿದೇ ಇರುತ್ತದೆ, ಅದು ಇಂಜಿನ್ನಿಗೆ ಎಣ್ಣೆ ಸಿಂಪಡಿಸುವ ಸೂಜಿತೂತಿಗೆ ಕಟ್ಟಿಕೊಳ್ಳುತ್ತದೆ, ತಲೆಯೊಳಗೆ ಬಿಳಿ ಹೆಪ್ಪಾಗಿ ಕೂರುತ್ತದೆ ಎಂದು ಇವರು ವಾದಿಸಿದರು. ಸಾಹುಕಾರರು ಕೈ ಮುಗಿದು ಸೊರಬದ ಬಸ್ಸು ಹತ್ತಿದರು.

ಇವರು ಎರಡು ದಿನ ಡ್ರಮ್ಮುಗಳ ಸುತ್ತ ತಿರುಗಿದರು. ಮೂರನೆಯ ದಿನ ನಮ್ಮ ಬಚ್ಚಲು ಹಂಡೆಗೆ ಬಾಯಿತುಂಬ ನೀರು ತುಂಬಿಸಿ ಉರಿ ಹಾಕು ಎಂದರು. ಉಪ್ಪು ಹೋಗುವುದು ನೀರಿಗೆ ತಾನೇ? ಹಾಗಾದರೆ ಸಿಹಿನೀರು ಹಾಕಿ ಎಣ್ಣೆಯನ್ನು ತೊಳೆದರೆ ಉಪ್ಪು ಆ ನೀರಿಗೆ ಇಳಿಯಬೇಕು, ನೀರು ತಳಕ್ಕೆ ಇಳಿಯಬೇಕು. ಅಕ್ಕಿ ತೊಳೆಯುವ ಹಾಗೆ ಎಣ್ಣೆ ತೊಳೆಯುವುದು. ಕೇಳಿದವರು ನಕ್ಕರು. ಅಕ್ಕಿ ತಿಕ್ಕುವ ಯಂತ್ರ ನೋಡಿಕೊಳ್ಳುತ್ತಿದ್ದ ಹುಚ್ಚರಾಯಪ್ಪ ನನ್ನ ಹತ್ತಿರ, “ಅಲ್ಲಬೇ ಅಕ್ಕಾ, ಎಣ್ಣೀನ ತೊಳದು ಒಣಗ್ಸಾಕ ಹಾಕ್ತಾನೇನು?” ಎಂದ.

ಹುಚ್ಚರಾಯಪ್ಪ ಎಷ್ಟೇ ನಗಲಿ, ಒಣಗಿಸುವುದೊಂದು ಬಿಟ್ಟು ಉಳಿದದ್ದೆಲ್ಲ ಹಾಗೇ ಆಯಿತು. ಒಂದು ಡ್ರಮ್ಮಿನ ಮೇಲ್ಭಾಗ ಕತ್ತರಿಸಿ, ತಳಕ್ಕೆ ನಲ್ಲಿ ಕೂರಿಸಿ, ಕಲ್ಲುಕಟ್ಟೆಯ ಮೇಲೆ ನಿಲ್ಲಿಸಿದರು. ಕೆಳಗೆ ಭತ್ತದ ಹೊಟ್ಟಿನ ಸಣ್ಣ ಉರಿ. ಎಣ್ಣೆ ಉಗುರುಬೆಚ್ಚಗಾದ ಮೇಲೆ ಹಂಡೆಯ ಬಿಸಿನೀರನ್ನು ಚೊಂಬಿನಿಂದ ಸಣ್ಣಗೆ ಹುಯ್ಯುವುದು, ಬಿದಿರು ಕೋಲಿನಿಂದ ನಿಧಾನ ತಿರುಗಿಸುವುದು, ಗೋಣಿ ಮುಚ್ಚಿ ಬಿಡುವುದು. ಮಿಲ್ಲಿನ ಬಾವಿಯ ನೀರು ಸ್ವಲ್ಪ ಸವಳು, ಅದು ಬೇಡವೆಂದು ನಾನು ಕೆರೆಯಿಂದ ಹೊತ್ತು ತರುತ್ತಿದ್ದೆ. ಮರುದಿನ ನಲ್ಲಿ ತಿರುಗಿಸಿದರೆ ಮೊದಲು ಕೊಚ್ಚೆಯಂಥ ನೀರು ಬರುತ್ತಿತ್ತು. ಇವರು ಅದನ್ನು ನಾಲಿಗೆಗೆ ಮುಟ್ಟಿಸಿ, ತುಪಕ್ಕನೆ ಉಗುಳಿ, “ಇನ್ನೊಂದು ಸಲ” ಎನ್ನುವರು. ಮತ್ತೆ ನೀರು, ಮತ್ತೆ ಕಾಯುವುದು. ಬಿಟ್ಟ ನೀರು ಸಪ್ಪಗಾದ ಮೇಲೆ ಎಣ್ಣೆಯನ್ನು ಕಂಬಳಿಯಲ್ಲಿ ಸೋಸಿ ಇಂಜಿನ್ನಿಗೆ ಹಾಕುವುದು. ನನ್ನ ತವರಿನ ಕಂಬಳಿ ಅದು, ಮದುವೆಗೆ ಕೊಟ್ಟದ್ದು. ಅದಕ್ಕೆ ಆ ಗತಿ ಬಂತು ಎಂದು ಬೈದೆ, ಇವರಿಗೆ ಕೇಳಿಸುವುದಿಲ್ಲವಲ್ಲ, ಚೆನ್ನಾಗಿಯೇ ಬೈದೆ.

ತೊಳೆದ ಎಣ್ಣೆ ಹಾಕಿ ಮೊದಲ ಸಲ ಇಂಜಿನ್ನು ಓಡಿಸಿದ ಬೆಳಿಗ್ಗೆ ಇವರು ಅಂಗಾಲು ಊರಿ ನಿಂತು ಬಹಳ ಹೊತ್ತು ನೆಲ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, “ಗಂಟಲು ಹಗುರಾಗೇತಿ” ಎಂದರು. ಮದುವೆಯಾದ ಮೇಲೆ ಅಂಥ ಮುಖ ನಾನು ನೋಡಿರಲಿಲ್ಲ. ಅಷ್ಟು ದಿನ ಮೈಕೈಗೆ ಹತ್ತಿದ್ದ ವಾಸನೆ, ಒಡೆದ ಅಂಗೈ, ಹೊತ್ತ ಕೊಡಗಳು ಎಲ್ಲ ಮರೆತುಹೋಯಿತು. ಆ ವರ್ಷದಲ್ಲಿ ನಾವು ಸುಖವಾಗಿದ್ದದ್ದು ಅವೇ ಕೆಲವು ದಿನ.

ತೊಳೆಯುವ ಕೆಲಸದಲ್ಲಿ ಒಂದೇ ತೊಂದರೆ, ಅದು ನಿಧಾನ. ಎಣ್ಣೆಗೂ ನೀರಿಗೂ ತಾವಾಗಿ ಬೇರೆಯಾಗುವ ಮನಸ್ಸು ಬರಬೇಕು. ಕಾರ್ತಿಕದಲ್ಲಿ ಅಕಾಲದ ಮೋಡ ಕವಿದು, ಆಮೇಲೆ ಚಳಿ ಇಳಿಯಿತು. ಚಳಿಗೆ ಎಣ್ಣೆ ಇನ್ನೂ ಮಂದವಾಯಿತು, ನೀರು ಇಳಿಯುವುದು ಇನ್ನೂ ತಡವಾಯಿತು. ಇತ್ತ ಕೊಯ್ಲು ಮುಗಿದು ಗಾಡಿಗಳು ಬರತೊಡಗಿದವು. ಈಸೂರು ಕಡೆಯ ಗಾಡಿಗಳೇ ಮಿಲ್ಲಿನ ಅಂಗಳ ತುಂಬಿ ರಸ್ತೆಗೆ ಚಾಚಿದ್ದವು. ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಅಡುಗೆ ಮಾಡಿಕೊಂಡು ಜನ ಕಾಯುತ್ತಿದ್ದರು. ತೊಳೆದ ಎಣ್ಣೆ ಮುಗಿದರೆ ಇಂಜಿನ್ನು ನಿಲ್ಲುತ್ತಿತ್ತು, ನಿಂತ ಕೂಡಲೇ ಬೈಗುಳ ಶುರು. ಮನೆಯಲ್ಲಿ ಅಕ್ಕಿ ತಳ ಹತ್ತಿದೆ, ಮಗಳ ಮದುವೆಯಿದೆ, ಎತ್ತಿಗೆ ಹುಲ್ಲು ಮುಗಿಯಿತು. ಬೈಗುಳವೆಲ್ಲ ಕೇಳುತ್ತಿದ್ದದ್ದು ನನಗೆ. ಅಷ್ಟನ್ನೂ ನಾನು ಇವರಿಗೆ ದಾಟಿಸುತ್ತಿರಲಿಲ್ಲ, ಸೋಸಿ ಕೊಡುತ್ತಿದ್ದೆ. ಆದರೆ ಸಾಹುಕಾರರು ಬಂದು, “ದಿನಾ ಅರ್ಧ ದಿನ ನಿಂತ್ರೆ ಅದು ಓಡಿದ ಹಾಂಗೆ ಆಗ್ತದೇನು?” ಎಂದದ್ದನ್ನು ದಾಟಿಸಲೇಬೇಕಾಯಿತು.

ಮರುದಿನ ಬೆಳಿಗ್ಗೆ ನಾನು ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡೆಯುತ್ತಿದ್ದೆ. ಚಳಿಗೆ ಬೆಣ್ಣೆ ಬಿಡುತ್ತಿರಲಿಲ್ಲ. ಎಲ್ಲ ಮನೆಗಳಲ್ಲೂ ಮಾಡುವಂತೆ ಒಂದು ಲೋಟ ಬಿಸಿನೀರು ಹುಯ್ದು ಜೋರಾಗಿ ಎಳೆದೆ. ಬೆಣ್ಣೆ ಮೇಲೆ ಬಂತು, ಮಜ್ಜಿಗೆ ಕೆಳಗೆ ಉಳಿಯಿತು. ಹಲ್ಲುಜ್ಜುತ್ತಿದ್ದ ಇವರು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿದರು.

“ಬಿಸಿನೀರು ಹಾಕಿದಿ?”

ಹೌದೆಂದೆ.

“ಕಡದ್ರ ಬ್ಯಾಗ ಬಿಟ್ಟಿತು?”

ಮತ್ತೆ ಹೌದೆಂದೆ. ಇವರು ಬಾಯಿ ಮುಕ್ಕಳಿಸುವುದನ್ನೂ ಬಿಟ್ಟು ಬಡಗಿಯ ಮನೆಗೆ ಓಡಿದರು.

ಸಂಜೆಗೆ ಹಲಸಿನ ಮರದ ಕಡಗೋಲು ಬಂತು, ಆಳೆತ್ತರದ್ದು. ಅಂಥ ಕಡಗೋಲನ್ನು ಯಾರೂ ಕಂಡಿರಲಿಲ್ಲ. ಡ್ರಮ್ಮಿಗೆ ಇಳಿಸಿ, ಪಕ್ಕದ ಕಂಬಕ್ಕೆ ಬಿಗಿದು, ಬಾವಿಹಗ್ಗ ಸುತ್ತಿ ಆಚೆ ಒಬ್ಬ ಈಚೆ ಒಬ್ಬ ಎಳೆದರು. ಕಾದು ಕಾದು ಬೇಸತ್ತಿದ್ದ ಗಾಡಿಯವರಿಗೆ ಅದೇ ಒಂದು ಆಟವಾಯಿತು, ನಾನು ತಾನು ಎಂದು ಹಗ್ಗಕ್ಕೆ ಕೈ ಹಾಕಿದರು. ಭತ್ತ ತಂದಿದ್ದ ಈಸೂರಿನ ಮುದುಕಿಯೊಬ್ಬಳು ಡ್ರಮ್ಮಿನ ಪಕ್ಕ ನಿಂತು, “ಇನ್ನಾ ಒಂಚೂರು ಬಿಸಿನೀರು ಹಾಕ್ರಪ್ಪ, ಎಳೀರಿ, ಬಿಡ್ತೈತಿ ಬಿಡ್ತೈತಿ” ಎಂದು ಹೆರಿಗೆ ಮಾಡಿಸುವವಳಂತೆ ಹುರಿದುಂಬಿಸಿದಳು. ನಮ್ಮದೆಲ್ಲ ಹಾಲು ಮಜ್ಜಿಗೆಯ ಮನೆಗಳು. ಕಡೆದರೆ ಬೇರೆಯಾಗುತ್ತದೆ, ಎಷ್ಟು ಕಡೆದರೆ ಅಷ್ಟು ಚೆನ್ನಾಗಿ ಬೇರೆಯಾಗುತ್ತದೆ. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನೊರೆ ಎದ್ದಿತು. ಕಪ್ಪು ಎಣ್ಣೆ ಮೆಲ್ಲಗೆ ಬಣ್ಣ ತಿರುಗಿ ರಾಗಿ ಅಂಬಲಿಯ ಹಾಗಾಯಿತು. ಮುಚ್ಚಿಟ್ಟು ಮರುದಿನ ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಮೊದಲ ಹನಿಯಿಂದಲೇ ಎಣ್ಣೆ. ಇವರು ನಾಲಿಗೆಗೆ ಮುಟ್ಟಿಸಿದರು, ಉಪ್ಪಿಲ್ಲ. ನನಗೂ ಮುಟ್ಟಿಸಿದರು, ನನಗೂ ಉಪ್ಪು ಹತ್ತಲಿಲ್ಲ, ಬರಿ ಎಣ್ಣೆಯ ಜಿಗುಟು. ತಳದಲ್ಲಿ ನೀರಿಲ್ಲ ಎಂದ ಮೇಲೆ ನೀರು ಹೋಯಿತು, ನೀರಿನ ಜೊತೆ ಉಪ್ಪೂ ಹೋಯಿತು ಎಂದು ಎಲ್ಲರೂ ತಿಳಿದೆವು. ಹುಯ್ದ ಹಂಡೆ ನೀರು ಹೋದದ್ದಾದರೂ ಎಲ್ಲಿಗೆ ಎಂದು ಒಬ್ಬರಾದರೂ ಕೇಳಬೇಡವೇ? ಯಾರೂ ಕೇಳಲಿಲ್ಲ. ಅಂಗಳದಲ್ಲಿ ಬೆಲ್ಲ ಹಂಚಿದರು. ಹುಚ್ಚರಾಯಪ್ಪ ಇವರ ಬೆನ್ನಿಗೆ ಗುದ್ದಿ, “ಭೇಷ್ ಮಗನೇ” ಎಂದ. ಇವರು ಒಂದೇ ಸಮನೆ ಡ್ರಮ್ಮಿನ ಮೇಲೆ ಡ್ರಮ್ಮು ಕಡೆಸಿದರು.

ನನ್ನ ತಂಗಿಯ ಮೊಮ್ಮಗನೊಬ್ಬ ಈಗ ಸಮುದ್ರದ ಕಡೆ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಹೋದ ವರ್ಷ ಬಂದಾಗ ಅವನಿಗೆ ಇದನ್ನೆಲ್ಲ ಹೇಳಿದೆ. ನೆಲದಿಂದ ತೆಗೆದ ಕಚ್ಚಾ ಎಣ್ಣೆಯಲ್ಲೂ ಉಪ್ಪು, ಮಣ್ಣು ಇರುತ್ತದಂತೆ. ಹಾಗೇ ಬಟ್ಟಿಗೆ ಹಾಕಿದರೆ ಕೊಳವೆಗಳನ್ನೆಲ್ಲ ತಿಂದುಹಾಕುತ್ತದಂತೆ. ಅದಕ್ಕೆ ಮೊದಲು ಎಣ್ಣೆ ಬಿಸಿ ಮಾಡಿ, ಸಿಹಿನೀರು ಸೇರಿಸಿ ತೊಳೆಯುತ್ತಾರಂತೆ. “ಅಜ್ಜ ಮಾಡಿದ್ದು ಅದನ್ನೇ ಅಜ್ಜಿ” ಎಂದ. ಆದರೆ ಕಲಸುವುದು ಹದವಾಗಿರಬೇಕು. ಅತಿಯಾದರೆ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ, ಒಂದೊಂದು ಹನಿಯೂ ಎಣ್ಣೆಯ ಅಂಗಿ ತೊಟ್ಟು ಕೂತುಬಿಡುತ್ತದೆ, ಇಳಿಯುವುದೇ ಇಲ್ಲ ಎಂದ. ಹಾಗಾದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಎಣ್ಣೆಯ ತೊಟ್ಟಿಗೆ ಕರೆಂಟು ಕೊಡುತ್ತೇವೆ, ಹನಿ ಹನಿ ಕೂಡಿಕೊಂಡು ತಳಕ್ಕೆ ಇಳಿಯುತ್ತದೆ ಎಂದ. “ಕರೆಂಟೇನೋ?” ಎಂದೆ. “ಹೌದಜ್ಜಿ, ಕರೆಂಟೇ.” ನಾನು ನಗತೊಡಗಿದವಳು ನಿಲ್ಲಿಸಲಾಗದೆ ಅತ್ತುಬಿಟ್ಟೆ. ಪಾಪ, ಹುಡುಗ ಗಾಬರಿಯಾಗಿ ನೀರು ತಂದ.

ಕಡೆದ ಎಣ್ಣೆಯಲ್ಲಿ ಇಂಜಿನ್ನು ಸಂಕ್ರಾಂತಿಯವರೆಗೆ ಓಡಿತು. ಅಲ್ಲಲ್ಲಿ ತಡವರಿಸುತ್ತಿತ್ತು, ಹೊಗೆ ಬಿಳಿಯಾಗಿ ಬರುತ್ತಿತ್ತು. ಚಳಿಗೆ ಹಾಗೆ ಎಂದು ಊರವರು ಹೇಳಿದರು. ಇವರು ಮಾತ್ರ ಉಣ್ಣುವಾಗ ಪದೇಪದೇ ಅನ್ನ ಬಿಟ್ಟು ಅಂಗೈಯನ್ನು ನೆಲಕ್ಕೆ ಒತ್ತುತ್ತಿದ್ದರು. ಏನಾಯಿತು ಎಂದು ನಾನು ಸನ್ನೆ ಮಾಡಿದರೆ, “ಅದು ಏನೋ ನುಂಗಲಾರದ ನುಂಗಾಕ ಹತ್ತೇತಿ” ಎಂದರು. ನಿಲ್ಲಿಸಿ ಬಿಚ್ಚಿ ನೋಡಲು ಒಂದು ದಿನ ಬೇಕಿತ್ತು. ಸುಗ್ಗಿಯ ನಡುವೆ ಆ ಒಂದು ದಿನವನ್ನು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಹಬ್ಬದ ಮರುದಿನ ಬೆಳಗಿನ ಹೊತ್ತು. ನಾನು ಅಂಗಳದಲ್ಲಿ ಅಕ್ಕಿಯ ನುಚ್ಚು ಕೇರುತ್ತಿದ್ದೆ. ಪಟ್ಟೆಂದು ಒಂದು ಸದ್ದಾಯಿತು, ದೊಡ್ಡ ಮಡಕೆ ಒಡೆದ ಹಾಗೆ. ಹಿಂದೆಯೇ ಇಂಜಿನ್ನು ಬಿಕ್ಕಳಿಸಿ ನಿಂತಿತು. ಓಡಿ ಹೋದರೆ ಕೋಣೆಯ ತುಂಬ ಬಿಳಿ ಹಬೆ. ಕೆಂಪಗೆ ಕಾದ ತಲೆಗೆ ಎಣ್ಣೆಯಲ್ಲಿ ಅಡಗಿದ್ದ ನೀರು ತಗುಲಿ ಅದು ಅಡ್ಡಕ್ಕೆ ಸೀಳಿತ್ತು. ಇವರು ಅದರ ಮೇಲೆ ಎರಡೂ ಕೈ ಇಟ್ಟಿದ್ದರು. ಸುಡುತ್ತಿದೆ, ತೆಗೆಯಿರಿ ಎಂದು ನಾನು ಚೀರಿದೆ, ಚೀರಿ ಏನು ಫಲ. ಹಿಡಿದು ಎಳೆದೆ. ಅಂಗೈ ಎರಡೂ ಸಿಪ್ಪೆ ಎದ್ದಿದ್ದವು. ಬಿಚ್ಚಿದಾಗ ಎಣ್ಣೆಯ ಸೂಜಿತೂತಿನ ಸುತ್ತ ಬಿಳಿ ಉಪ್ಪು, ಪಂಪಿನ ತುಂಬ ತುಕ್ಕು. ಹುಚ್ಚರಾಯಪ್ಪ ಉಪ್ಪಿನ ಒಂದು ಹೆಕ್ಕಳೆ ಕಿತ್ತು ಇವರಿಗೆ ತೋರಿಸಿದ. ಇವರು ಅದನ್ನು ನಾಲಿಗೆಗೆ ಮುಟ್ಟಿಸಿಕೊಳ್ಳಲಿಲ್ಲ.

ಹೊಸ ತಲೆ ತರಿಸಲು ಆಗುವಂತಿರಲಿಲ್ಲ. ಇಂಜಿನ್ನು ವಿಲಾಯತಿಯದು, ಹೊರದೇಶದ ಬಿಡಿ ಸಾಮಾನಿಗೆ ಆಗ ಲೈಸೆನ್ಸು ಬೇಕು, ಲೈಸೆನ್ಸು ಕೊಡುತ್ತಿರಲಿಲ್ಲ. ಆದರೆ ಸೊರಬದ ಮಿಲ್ಲಿನಲ್ಲಿ ಇದರ ಜೋಡಿ ಇಂಜಿನ್ನು ಇತ್ತಲ್ಲ, ಮೋಟಾರು ಬಂದ ಮೇಲೆ ಅದು ಸುಮ್ಮನೆ ಬಿದ್ದಿರಬೇಕು. ಕೈಗೆ ಬಾಳೆಎಲೆ ಸುತ್ತಿಕೊಂಡೇ ಇವರು ಹೊರಟರು, ಮಾತಾಡಲು ನಾನೂ ಹೊರಟೆ. ಬಸ್ಸಿನಲ್ಲಿ ಇವರು ನನಗೆ ಆ ತಲೆಯನ್ನು ಹೇಗೆ ಬಿಚ್ಚುವುದು, ಹೇಗೆ ಕೂರಿಸುವುದು ಎಂದು ದಾರಿಯುದ್ದಕ್ಕೂ ಕೂಗಿ ಕೂಗಿ ವಿವರಿಸಿದರು. ಜನ ತಿರುಗಿ ತಿರುಗಿ ನೋಡಿದರು. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ತವರಿನ ದಾರಿಯಲ್ಲಿ ಅಷ್ಟು ಭಾರವಾದ ಮನಸ್ಸಿನಿಂದ ನಾನು ಎಂದೂ ಹೋಗಿರಲಿಲ್ಲ.

ಸೊರಬದ ಮಿಲ್ಲಿನಲ್ಲಿ ಸಾಹುಕಾರರು ಚಾಪೆ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟರು. ಇವರ ಕೈ ನೋಡಿ, “ಅಯ್ಯೋ ಮಾರಾಯ” ಎಂದರು. ನಾನು ಬಂದ ಕಾರಣ ಹೇಳಿದೆ. ಅವರು ಹೇಳಿದರು:

“ಅದನ್ನು ಆಗಲೇ ಒಡೆಸಿ ಗುಜರಿಗೆ ಹಾಕ್ಸಿದ್ನಲ್ಲ ತಂಗೀ. ಗಾಲಿ ಒಂದು ಉಳಿದದೆ, ಬೇಕಾದ್ರೆ ತಗೊಂಡು ಹೋಗಿ. ಅದ್ಯಾವುದಕ್ಕೂ ಬರೂದಿಲ್ಲ.”

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕೈಯೆತ್ತುವ ಮೊದಲೇ ಇವರಿಗೆ ತಿಳಿಯಿತು. ಎದ್ದು ಹೋಗಿ, ತುಕ್ಕು ಹಿಡಿದು ಗೋಡೆಗೆ ಒರಗಿದ್ದ ಆ ಗಾಲಿಯನ್ನು ಮೊಣಕೈಯಿಂದ ಮೆಲ್ಲಗೆ ಒತ್ತಿ ನೋಡಿದರು. ಆ ಗೋಡೆಯ ಇನ್ನೊಂದು ಬದಿಯಲ್ಲಿ ಮೋಟಾರು ಓಡುತ್ತಿತ್ತು. ನನಗೆ ಅದು ಜೇನುಹುಳುವಿನ ಸದ್ದಿನಂತೆ ಕೇಳುತ್ತಿತ್ತು, ಇವರಿಗೆ ಏನೂ ಇಲ್ಲ.

ಶಿವರಾತ್ರಿ ಕಳೆದು ನಮ್ಮ ಮಿಲ್ಲಿಗೂ ತಂತಿ ಎಳೆದರು. ಇಂಜಿನ್ನನ್ನು ಸುತ್ತಿಗೆಯಿಂದ ಒಡೆದು ಗಾಡಿಗೆ ಹಾಕಿದ ದಿನ ನಾನು ಇವರನ್ನು ಹುಚ್ಚರಾಯಸ್ವಾಮಿ ಗುಡಿಗೆ ಕರೆದುಕೊಂಡು ಹೋಗಿ ಸಂಜೆಯವರೆಗೆ ಅಲ್ಲೇ ಕೂರಿಸಿದ್ದೆ. ಮೋಟಾರು ನಾಲ್ಕು ಕಾಲಿನ ಸಣ್ಣ ಡಬ್ಬಿ, ಇಂಜಿನ್ನಿನ ಒಂದು ಗಾಲಿಯಷ್ಟೂ ಇರಲಿಲ್ಲ. ಸಾಹುಕಾರರು ಧರ್ಮಿಷ್ಠರು, ಇವರನ್ನು ಕೈಬಿಡಲಿಲ್ಲ. ಬೆಳಿಗ್ಗೆ ಸ್ವಿಚ್ಚು ಹಾಕುವುದು, ಸಂಜೆ ತೆಗೆಯುವುದು, ನಡುವೆ ನಿಗಾ ನೋಡುವುದು, ಇಷ್ಟು ಮಾಡಿಕೊಂಡಿರಲಿ ಎಂದರು. ಪೂಜೆಯ ದಿನ ಕಾಯಿ ಒಡೆದು ಇವರ ಕೈಯಲ್ಲೇ ಸ್ವಿಚ್ಚು ಹಾಕಿಸಿದರು. ಹಾಕಿದವರು ನೆಲದ ಮೇಲೆ ಒಂದು ಕಾಲು ಊರಿದರು, ಇನ್ನೊಂದನ್ನೂ ಊರಿದರು. ಆಮೇಲೆ ನನ್ನ ಕಡೆ ತಿರುಗಿ, “ಯಾಕ, ಹತ್ತಲಿಲ್ಲೇನು?” ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಜನ ಗೊಳ್ಳೆಂದು ನಕ್ಕರು. ನಾನು ಕೈ ಹಿಡಿದು ಕರೆದೊಯ್ದು ಮೋಟಾರಿನಿಂದ ಯಂತ್ರಕ್ಕೆ ಸುತ್ತಿ ತಿರುಗುತ್ತಿದ್ದ ಪಟ್ಟೆಯನ್ನು ತೋರಿಸಿದೆ.

ಅಲ್ಲಿಂದ ಮುಂದೆ ಇವರು ದಿನಾ ಸ್ವಿಚ್ಚು ಹಾಕಿ, ಹೋಗಿ ಪಟ್ಟೆ ನೋಡಿ, ಬಂದು ಗೋಡೆಯ ಬದಿಗೆ ಕೂರುತ್ತಿದ್ದರು. ಇಂಜಿನ್ನು ಇದ್ದ ಕಡೆ ಸಿಮೆಂಟು ಬಳಿದು ಚೀಲ ಒಟ್ಟಿದ್ದರು. ಮನೆಯಲ್ಲೂ ಮಾತು ನಿಂತಿತು. ಅಂಗೈಯ ಗಾಯ ಒಣಗಿತ್ತು, ಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ. ನಾನು ಏನಾದರೂ ಹೇಳಲು ಎದುರು ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಿವಿ ಕೇಳದವರು ಕಣ್ಣು ಮುಚ್ಚಿಕೊಂಡರೆ ಬಾಗಿಲು ಹಾಕಿಕೊಂಡ ಹಾಗೆ. ನಾನು ಹೊರಗೆ ಉಳಿದೆ.

ಬೇಸಿಗೆಯ ನಡುವೆ ಇವರಿಗೆ ಜ್ವರ ಬಂತು. ಇಂಜಿನ್ನಿನ ಕಾಲದಲ್ಲಿ ಇವರಿಗೆ ಜ್ವರ ಬಂದರೆ ಮಿಲ್ಲೇ ಮಲಗುತ್ತಿತ್ತು. ಹುಚ್ಚರಾಯಪ್ಪ, ಗಾಡಿಯವರು, ಒಮ್ಮೆ ಸಾಹುಕಾರರೇ ಖುದ್ದು ಬಾಗಿಲಿಗೆ ಬಂದು ಕೂತು, ಒಂದು ಗಳಿಗೆ ಬಂದು ಹಚ್ಚಿಕೊಟ್ಟು ಹೋಗು ಎಂದು ಕೈ ಮುಗಿಯುತ್ತಿದ್ದರು. ಆ ದಿನ ಇವರು ಕಂಬಳಿ ಹೊದ್ದು ಗೋಡೆಗೆ ಒರಗಿ, ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದರು. ಗಂಜಿ ಕೊಟ್ಟರೆ, “ಇರು, ಬರ್ತಾರ” ಎಂದು ಪಕ್ಕಕ್ಕಿಟ್ಟರು. ಬಿಸಿಲು ಅಂಗಳಕ್ಕೆ ಇಳಿಯಿತು, ಹೊಸ್ತಿಲು ದಾಟಿ ಒಳಗೂ ಬಂತು. ಯಾರೂ ಬರಲಿಲ್ಲ. ಬೆಳಿಗ್ಗೆಯೇ ಹುಚ್ಚರಾಯಪ್ಪ ಒಳಗೆ ಹೋಗುತ್ತಾ ಹಾದಿಯಲ್ಲಿ ಸಿಕ್ಕ ಸ್ವಿಚ್ಚನ್ನು ಒತ್ತಿ ಹೋಗಿದ್ದ. ಒರಗಿದ ಗೋಡೆಯ ಆಚೆಗೆ ಮಿಲ್ಲು ಒಂದೇ ಸಮನೆ ಓಡುತ್ತಿತ್ತು, ಅಕ್ಕಿ ಸುರಿಯುವ ಸದ್ದು, ಗಾಡಿಯವರ ನಗು, ಎಲ್ಲ ನನಗೆ ಕೇಳುತ್ತಿತ್ತು.

ಇಳಿಹೊತ್ತಿಗೆ ಇವರು ನನ್ನ ಸೆರಗು ಹಿಡಿದು ಜಗ್ಗಿದರು. ಎಷ್ಟೋ ದಿನದ ಮೇಲೆ ಕಣ್ಣು ಮುಚ್ಚದೆ ನನ್ನ ಮುಖ ನೋಡಿದರು.

“ಯಾರೂ ಕರ್ಯಾಕ ಬರ್ಲಿಲ್ಲ. ಇವತ್ತು ಮಿಲ್ಲು ನಿಂತೇತೇನು?”

ನಿಂತಿದೆ ಎಂದು ನಾನು ಕೈ ಮಾಡಿದೆ.